ಲವಂಗದ ವಾಸನೆಯ ಹಾರ್ಮೋನಿಯಂ

ಪಂಪ್‌ವೆಲ್‌ನ ಆ ಹಲ್ಲಿನ ಡಾಕ್ಟರ ಬಳಿಗೆ ನಾನು ಮೊದಲೂ ಹೋಗಿದ್ದೆ. ಹೋಗಿದ್ದೆ ಎಂದರೆ ಹೊರಗಿನ ಕುರ್ಚಿಯವರೆಗೆ. ಒಳಗಿನಿಂದ ಯಂತ್ರದ ಕೀರಲು ಸದ್ದು ಕೇಳಿದ್ದೇ ತಡ, ಮನೆಯಲ್ಲಿ ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂಬ ಸಂಶಯವನ್ನು ಹುಟ್ಟಿಸಿಕೊಂಡು ಎದ್ದು ಬಂದಿದ್ದೆ. ಗ್ಯಾಸ್ ಬಂದ್ ಆಗಿತ್ತು. ಯಾವಾಗಲೂ ಆಗಿಯೇ ಇರುತ್ತದೆ. ಐವತ್ತು ದಾಟಿದರೆ ಹೆದರಿಕೆ ಕಡಿಮೆಯಾಗುತ್ತದೆ ಎಂದು ಯಾರೋ ಹೇಳಿದ್ದರು. ನನಗೆ ಕಡಿಮೆಯಾದದ್ದು ನಿದ್ದೆ. ಜಾಸ್ತಿಯಾದದ್ದು ದವಡೆಯ ಎರಡು ಹುಳುಕು ಹಲ್ಲು.

ಮೊನ್ನೆ ಮಾತ್ರ ತಪ್ಪಿಸಿಕೊಳ್ಳಲು ಆಗಲಿಲ್ಲ. ಫ್ಲೈಓವರಿನ ಕೆಳಗೆ ಮಳೆನೀರು ನಿಂತು ಬಸ್ಸು, ಲಾರಿ, ಆಟೋ ಎಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ವಾಪಸು ಹೋಗೋಣವೆಂದರೆ ದಾರಿಯೇ ಇಲ್ಲ. ಒಳಗೆ ಹೋಗಿ ಆ ಉದ್ದ ಕುರ್ಚಿಯಲ್ಲಿ ಮಲಗಿದೆ. ನನ್ನ ಮಗಳ ವಯಸ್ಸಿನ ಡಾಕ್ಟರಮ್ಮ ಒಂದು ಹತ್ತಿಯ ಉಂಡೆಯನ್ನು ಸಣ್ಣ ಬಾಟಲಿಯಲ್ಲಿ ಅದ್ದಿ ನೋಯುವ ಹಲ್ಲಿನ ಮೇಲಿಟ್ಟರು. ಲವಂಗದ ಎಣ್ಣೆ. ಅದರ ಖಾರ ನಾಲಗೆಗೆ ಹತ್ತುವ ಮೊದಲೇ ವಾಸನೆ ಮೂಗಿಗೆ ಏರಿತು, ಮತ್ತು ನಾನು ಪಂಪ್‌ವೆಲ್‌ನಲ್ಲಿ ಇರಲಿಲ್ಲ. ದೇರೆಬೈಲಿನ ನಮ್ಮ ಹಂಚಿನ ಮನೆಯ ಚಾವಡಿಯಲ್ಲಿ, ಅಜ್ಜನ ಹಾರ್ಮೋನಿಯಮ್ಮಿನ ಎದುರು ಕೂತಿದ್ದೆ.

ಬೇರೆಯವರಿಗೆ ಲವಂಗ ಎಂದರೆ ಪಲಾವು. ನನಗೆ ಹಾರ್ಮೋನಿಯಂ. ಅಜ್ಜ ಅದರ ಹೊಟ್ಟೆಯೊಳಗೆ ಒಂದು ಬಟ್ಟೆಯ ಗಂಟಿನಲ್ಲಿ ಲವಂಗ ಕಟ್ಟಿ ಇಡುತ್ತಿದ್ದರು, ಹುಳ ಹಿಡಿಯಬಾರದೆಂದು. ತಿದಿ ಒತ್ತಿದಾಗಲೆಲ್ಲ ಶ್ರುತಿಯ ಜೊತೆಗೆ ಲವಂಗದ ಗಾಳಿಯೂ ಹೊರಗೆ ಬರುತ್ತಿತ್ತು. ಈ ಉಪಾಯವನ್ನು ಅವರು ಕಲಿತದ್ದು ಮೊಂಬಾಸಾದಲ್ಲಿ.

ಅಮ್ಮನ ಅಪ್ಪ ಅವರು. ಊರಿನಲ್ಲಿ ಅವರಿಗೆ ‘ಆಫ್ರಿಕಾ ಅಜ್ಜೇರ್’ ಎಂದೇ ಹೆಸರು. ಹದಿಹರೆಯದಲ್ಲಿ ತಮ್ಮ ಸೋದರಮಾವನ ಜೊತೆ ಗುರುಪುರ ಹೊಳೆಯಲ್ಲಿ ಅಕ್ಕಿಮುಡಿ ತುಂಬಿದ ದೋಣಿಯಲ್ಲಿ ಬಂದರಕ್ಕೆ ಬಂದವರು. ಮಾವ ಅಕ್ಕಿಯ ವ್ಯಾಪಾರಿಯ ಹತ್ತಿರ ಚೌಕಾಸಿ ಮಾಡುತ್ತಿದ್ದಾಗ ಇವರು ಹಾಯಿ ಬಿಚ್ಚುತ್ತಿದ್ದ ಒಂದು ಮಂಜಿ ಹಡಗಿನ ಹತ್ತಿರ ಹೋಗಿ ನಿಂತರು. ಅದರ ಅಡುಗೆಯವ ಹಿಂದಿನ ದಿನ ಜಗಳ ಮಾಡಿ ಬಿಟ್ಟುಹೋಗಿದ್ದನಂತೆ.

“ಅಡಿಗೆ ಬರ್ತದಾ ಕೇಳಿದರು. ಬರ್ತದೆ ಹೇಳಿದೆ,” ಎಂದು ಅಜ್ಜ ಕಥೆ ಹೇಳುತ್ತಿದ್ದರು. “ನನಗೆ ಬರ್ತಿದ್ದದ್ದು ಗಂಜಿ ಮಾತ್ರ. ಮುಂಬಯಿವರೆಗೆ ಎಲ್ಲರಿಗೂ ಗಂಜಿ. ಅವರು ನನ್ನನ್ನು ಸಮುದ್ರಕ್ಕೆ ಬಿಸಾಡದ್ದು ಯಾಕೆ ಅಂದ್ರೆ, ಸಂಜೆ ನಾನು ಹಾಡ್ತಿದ್ದೆ.”

ಮುಂಬಯಿಯಿಂದ ಇನ್ನೊಂದು ಹಡಗು, ಅಲ್ಲಿಂದ ಮೊಂಬಾಸಾ. ಮಾವನಿಗೆ ವಿಷಯ ಗೊತ್ತಾಗುವಾಗ ಅಜ್ಜ ಆಚೆ ದಡದಲ್ಲಿ ಚಾ ಮಾಡುತ್ತಿದ್ದರು. ಅಲ್ಲಿನ ಬಂದರದ ಹತ್ತಿರ ಸ್ವಂತದ ಚಾದಂಗಡಿ ಇಟ್ಟರು. ಪಕ್ಕದಲ್ಲಿ ಒಬ್ಬ ಮುದುಕನ ಕಾಫಿ ಅಂಗಡಿ. ಸಂಜೆಯಾದರೆ ಅಲ್ಲಿ ಪಿಟೀಲು, ಡೋಲು, ಹಾರ್ಮೋನಿಯಂ ಹಿಡಿದುಕೊಂಡು ಜನ ಸೇರಿ ದೋಣಿಯವರ ಹಾಡು ಹಾಡುತ್ತಿದ್ದರು. ಅಜ್ಜ ತಮ್ಮ ಗಿರಾಕಿಗಳನ್ನು ಬಿಟ್ಟು ಅಲ್ಲಿ ಹೋಗಿ ಕೂರುತ್ತಿದ್ದರು. ಹಾಗಾಗಿ ಚಾದಂಗಡಿ ಎಂದೂ ಉದ್ಧಾರವಾಗಲಿಲ್ಲ, ಬೆರಳುಗಳು ಆದವು. ಮುದುಕನಿಗೆ ಕಣ್ಣು ಮಂಜಾದ ಮೇಲೆ ಆತ ತನ್ನ ಹಾರ್ಮೋನಿಯಮ್ಮನ್ನು ಅಜ್ಜನಿಗೇ ಕೊಟ್ಟ. ಹತ್ತು ಹನ್ನೆರಡು ವರ್ಷದ ನಂತರ ಅಜ್ಜ ಊರಿಗೆ ಮರಳಿದಾಗ ತಂದದ್ದು ಅದನ್ನು, ಮತ್ತು ಒಂದು ಡಬ್ಬಿ ಲವಂಗವನ್ನು. ಚಿನ್ನ ತರುತ್ತಾನೆಂದು ಬಂದರದಲ್ಲಿ ಕಾದು ನಿಂತಿದ್ದ ನೆಂಟರು ತಲೆ ತಲೆ ಚಚ್ಚಿಕೊಂಡರಂತೆ.

ಹಳ್ಳಿಗೆ ಹೋಗಲು ಮುಖವಿಲ್ಲದೆ ದೇರೆಬೈಲಿನಲ್ಲಿ ನೆಲೆ ನಿಂತರು. ಆಗ ಅದು ಪೇಟೆಯೂ ಅಲ್ಲ, ಹಳ್ಳಿಯೂ ಅಲ್ಲ. “ಅಲ್ಲಿ ನಾನು ಇಂಡಿಯಾದವ, ಇಲ್ಲಿ ಆಫ್ರಿಕಾದವ. ಹಡಗಿನಲ್ಲಿ ಮಾತ್ರ ನನ್ನನ್ನು ಯಾರೂ ಎಲ್ಲಿಯವ ಅಂತ ಕೇಳ್ಲಿಲ್ಲ,” ಎನ್ನುತ್ತಿದ್ದರು. ದೂರು ಹೇಳುವ ಧಾಟಿಯಲ್ಲಿ ಅಲ್ಲ, ಹವಾಮಾನ ಹೇಳುವ ಧಾಟಿಯಲ್ಲಿ.

ಅವರಿಗೆ ಇಲ್ಲಿ ಒಂದು ಜಾಗ ಸಿಕ್ಕಿದ್ದು ನಮ್ಮ ಮನೆಯ ಹತ್ತಿರದ ಭಜನಾ ಮಂದಿರದಲ್ಲಿ. ಅಲ್ಲಿ ಹಾರ್ಮೋನಿಯಂ ನುಡಿಸುವ ಕೆಲಸ ಅವರದು. ಆದರೆ ಅವರು ನುಡಿಸಿದರೆ ಭಜನೆ ನೆಟ್ಟಗೆ ನಡೆಯುತ್ತಿರಲಿಲ್ಲ. ಅಲೆಯ ಮೇಲೆ ದೋಣಿ ಏಳುವಂತೆ ಏಳುತ್ತಿತ್ತು, ಇಳಿಯುವ ಮೊದಲು ಒಂಚೂರು ತಡೆಯುತ್ತಿತ್ತು. ಮಂದಿರದ ಅಧ್ಯಕ್ಷರು ಸಂಜೀವಣ್ಣ. ದಿನಸಿ ಅಂಗಡಿಯವರು, ಎಲ್ಲವನ್ನೂ ತೂಕ ಮಾಡಿ ನೋಡುವ ಮನುಷ್ಯ. ಅವರಿಗೆ ಇದನ್ನು ಸಹಿಸಲು ಆಗುತ್ತಿರಲಿಲ್ಲ.

“ಅಜ್ಜೇರೇ, ನಮ್ಮ ವಿಠಲನನ್ನು ಎಲ್ಲಿಗೆ ಕೊಂಡೋಗ್ತೀರಿ?” ಎಂದು ಒಂದು ದಿನ ಕೇಳಿದರು.

“ಅವನಿಗೂ ನಾಲ್ಕು ಊರು ನೋಡುವ ಆಸೆ ಇರ್ತದಲ್ಲ ಮಾರಾಯ,” ಎಂದರು ಅಜ್ಜ.

ನಾನು ಹೇಳಹೊರಟದ್ದು ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲದ ಬಗ್ಗೆ. ನಾನು ಆಗ ಮೊದಲನೇ ಪಿಯುಸಿಯ ಹುಡುಗಿ. ಮಳೆ ಹಿಡಿದ ವಾರದಲ್ಲೇ ಅಜ್ಜ ಬಾವಿಕಟ್ಟೆಯ ಹತ್ತಿರ ಬಿದ್ದರು. ಕೊಡಪಾನ ಉರುಳಿದ ಸದ್ದಿಗೆ ಅಮ್ಮ ಓಡಿದಳು. ಆಸ್ಪತ್ರೆಯಿಂದ ಮನೆಗೆ ಕರೆತರುವಾಗ ಅವರ ಎಡಗೈಯಲ್ಲಿ ಬಲ ಇರಲಿಲ್ಲ, ಎಡಗಾಲು ಎಳೆಯುತ್ತಿತ್ತು, ಬಾಯಿ ಒಂದು ಬದಿಗೆ ಜಾರಿತ್ತು. ಮಾತು ತೊದಲುತ್ತಿತ್ತು. ಜೀವಮಾನವಿಡೀ ಕಥೆ ಹೇಳಿದ ಮನುಷ್ಯನಿಗೆ ತೊದಲುವುದು ನಾಚಿಕೆ. ಮಾತನ್ನೇ ಬಿಟ್ಟುಬಿಟ್ಟರು. ಹೌದು, ಇಲ್ಲ, ನೀರು. ಅಷ್ಟೇ.

ಸಂಜೀವಣ್ಣ ಬ್ರೆಡ್ಡು, ಹಾರ್ಲಿಕ್ಸು ಹಿಡಿದುಕೊಂಡು ನೋಡಲು ಬಂದರು. ಕೊಡೆ ಮಡಚಿ ಅಂಗಳದಲ್ಲಿ ಕೊಡವಿ, ಮಂಚದ ಹತ್ತಿರ ಸ್ಟೂಲ್ ಎಳೆದು ಕೂತು, ಸ್ವಲ್ಪ ಹೊತ್ತು ಮಳೆಯ ಬಗ್ಗೆ ಮಾತಾಡಿ, ಆಮೇಲೆ ಮೆಲ್ಲ ವಿಷಯಕ್ಕೆ ಬಂದರು.

“ಈ ವರ್ಷದ ಏಕಾಹಕ್ಕೆ ನೀವು ಎದುರು ಕೂತು ಕೇಳಿ ಅಜ್ಜೇರೇ. ಕೊಟ್ಟಾರದಿಂದ ಒಬ್ಬರು ಮಾಸ್ಟ್ರು ಬರ್ತಾರೆ. ಒಳ್ಳೆ ಕೈ ಉಂಟು.”

ಏಕಾಹ ಭಜನೆ ಎಂದರೆ ಒಂದು ಸೂರ್ಯೋದಯದಲ್ಲಿ ದೀಪ ಹಚ್ಚಿ ಹಾಡಲು ಕೂತರೆ ಮರುದಿನದ ಸೂರ್ಯೋದಯದವರೆಗೆ ನಿಲ್ಲಿಸುವ ಹಾಗಿಲ್ಲ. ಗಂಟೆಗೊಂದು ತಂಡ. ಹಿಂದಿನವರ ಸ್ವರ ಅಡಗುವ ಮೊದಲೇ ಮುಂದಿನವರು ಬಂದು ಸೇರಿಕೊಳ್ಳಬೇಕು. ನಡುವೆ ಒಂದು ಉಸಿರಿನಷ್ಟೂ ಮೌನ ಬೀಳಬಾರದು. ಬಿದ್ದರೆ ಏಕಾಹ ಮುರಿಯಿತು, ಇಡೀ ಊರಿನ ಹರಕೆ ಮುರಿಯಿತು ಎಂದೇ ಲೆಕ್ಕ. ಅದರಲ್ಲಿ ಮಧ್ಯಾಹ್ನ ಊಟದ ಹೊತ್ತಿನ ಗಂಟೆ ವರ್ಷ ವರ್ಷವೂ ಅಜ್ಜನದು. ಹಿಂದಿನ ಚಪ್ಪರದಲ್ಲಿ ಪಂಕ್ತಿ ಬಿದ್ದಿರುವಾಗ, ಸಾರಿನ ಪರಿಮಳ ಮೂಗಿಗೆ ಬಡಿಯುವಾಗ ಕೂತು ಭಜನೆ ಮಾಡಲು ಬೇರೆ ಯಾರಿಗೂ ಮನಸ್ಸಿಲ್ಲ. ಅಜ್ಜ ಅದನ್ನೇ ಕೇಳಿ ತೆಗೆದುಕೊಂಡದ್ದು. ಆ ಹೊತ್ತಿಗೆ ಸಂಜೀವಣ್ಣ ಬಡಿಸುವ ಗಡಿಬಿಡಿಯಲ್ಲಿರುತ್ತಿದ್ದರು, ವಿಠಲ ಎಲ್ಲಿಗೆ ಹೋದರೂ ಕೇಳುವವರಿಲ್ಲ.

ಅಜ್ಜ ಒಂದೊಂದೇ ಶಬ್ದವನ್ನು ಬಾವಿಯಿಂದ ಸೇದಿದ ಹಾಗೆ ಸೇದಿ, “ನನ್ನ... ಹೊತ್ತು... ನನ್ನದು,” ಎಂದರು.

“ನಾನು ಬೇಡ ಹೇಳುದಲ್ಲ. ನಡುವಿನಲ್ಲಿ ನಿಂತ್ರೆ? ಊರಿಗೆ ಯಾರು ಉತ್ತರ ಕೊಡುದು?”

ಅಜ್ಜ ಮುಖ ತಿರುಗಿಸಿದರು. ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ಸಂಜೀವಣ್ಣ ಹೇಳಿದ್ದೇ ಸರಿ ಎನ್ನಿಸಿತು. ನಡುವಿನಲ್ಲಿ ನಿಂತರೆ ಎಂಬುದು ನನ್ನದೇ ಪ್ರಶ್ನೆ. ನಾನು ಹುಟ್ಟಿದ್ದೇ ಆ ಪ್ರಶ್ನೆ ಕೇಳಿಕೊಂಡು. ಬಸ್ಸು ನಡುವಿನಲ್ಲಿ ನಿಂತರೆ, ಪರೀಕ್ಷೆಯ ನಡುವೆ ಪೆನ್ನು ನಿಂತರೆ, ರಾಟೆಯ ಹಗ್ಗ ನಡುವೆ ತುಂಡಾದರೆ. ಅಂಥ ನನ್ನನ್ನು ಅಜ್ಜ ಮರುದಿನ ಕಣ್ಸನ್ನೆಯಲ್ಲಿ ಕರೆದು ಅಟ್ಟದ ಕಡೆ ತೋರಿಸಿದರು. ಹಾರ್ಮೋನಿಯಂ ಇಳಿಸಿದೆ. ಬಲಗೈಯನ್ನು ಸ್ವರದ ಮನೆಗಳ ಮೇಲಿಟ್ಟರು. ಎಡಗೈ ಮಡಿಲಿನಲ್ಲಿ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಬೆರಳುಗಳು ಓಡಿದವು, ಮರದ ಟಕಟಕ ಬಿಟ್ಟು ಬೇರೆ ಸದ್ದಿಲ್ಲ. ತಿದಿ ಒತ್ತುವ ಕೈ ಬೇಕಲ್ಲ. ಅವರು ನನ್ನ ಮುಖ ನೋಡಿದರು.

ಹಾಗೆ ನಾನು ಅವರ ಎದುರು ಕೂತೆ. ಗಾಳಿ ನನ್ನದು, ಬೆರಳು ಅವರದು.

ಆಟಿ ತಿಂಗಳು ಸುರುವಾಗಿತ್ತು. ಆಟಿಯಲ್ಲಿ ನಮ್ಮಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಒಳ್ಳೆಯದು ಯಾವುದನ್ನೂ ಸುರು ಮಾಡುವುದಿಲ್ಲ. ಅಮ್ಮ ಅಡಿಗೆಕೋಣೆಯಿಂದ ಸೌಟು ಹಿಡಿದೇ ಬಂದಳು.

“ಡಾಕ್ಟ್ರು ಆಯಾಸ ಮಾಡ್ಬಾರ್ದು ಹೇಳಿದ್ದಾರೆ. ಮೇಲಿಂದ ಆಟಿ. ಆಟಿಯಲ್ಲಿ ಯಾರಾದ್ರೂ ಹೊಸತು ಸುರು ಮಾಡ್ತಾರಾ ಅಪ್ಪ?”

“ಹೊಸ...ತಲ್ಲ,” ಎಂದರು ಅಜ್ಜ. ಅಷ್ಟಕ್ಕೇ ಅವರ ಹಣೆಯಲ್ಲಿ ಬೆವರು ಬಂದಿತ್ತು. ಅಮ್ಮ ಇನ್ನೇನೋ ಹೇಳಹೋಗಿ, ಆ ಬೆವರು ನೋಡಿ, ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದಳು.

ನಾನು ತಿದಿ ಒತ್ತುವ ರೀತಿ ಹೇಗಿತ್ತೆಂದರೆ, ಮೊದಲ ದಿನ ಪಕ್ಕದ ಮನೆಯ ನಾಯಿ ಬೊಗಳಿತು. ಎಲ್ಲಿ ಗಾಳಿ ಮುಗಿದುಹೋಗುತ್ತದೋ ಎಂಬ ಹೆದರಿಕೆಗೆ ನಾನು ನಿಲ್ಲಿಸದೆ ಒತ್ತುವುದು. ಸ್ವರ ಕಿವಿ ಹರಿಯುವ ಹಾಗೆ ಅರಚುವುದು. ಅಜ್ಜ ಬೆರಳು ಎತ್ತಿ ಕಾಯುವುದು.

“ಸೈಕಲ್ಲಿಗೆ ಗಾಳಿಯಾ?” ಎಂದರು ಒಮ್ಮೆ, ಬಾಯಿಯ ಸರಿ ಇದ್ದ ಬದಿಯಲ್ಲಿ ನಗುತ್ತ.

“ಗಾಳಿ ಸಾಕಾಗದಿದ್ರೆ ಅಜ್ಜ?”

ಅವರು ಹಾರ್ಮೋನಿಯಮ್ಮಿನ ಹೊಟ್ಟೆಯನ್ನು ತಟ್ಟಿದರು. “ಗಾಳಿ ಉಂಟು. ಒಳಗೆ ಉಂಟು. ಪೋಲೆ ಪೋಲೆ.”

ಅದು ಮೊಂಬಾಸಾದ ಮಾತು. ಮೆಲ್ಲ ಮೆಲ್ಲ ಎಂದು ಅರ್ಥ. ತುಳುವಿನಲ್ಲಿ ಪೋಲೆ ಎಂದರೆ ಹೋಗಿ ಎಂದಾಗುತ್ತದಾದ್ದರಿಂದ, ಕಾಫಿ ತಂದಿದ್ದ ಅಮ್ಮ ಲೋಟವನ್ನು ಕುಕ್ಕಿ ಹೊರಟೇ ಹೋದಳು. ಪುಣ್ಯಕ್ಕೆ ಕಾಫಿ ಉಳಿಯಿತು.

ನಾನು ಒತ್ತುವ ಗಾಳಿ ಕೂಡಲೇ ಸ್ವರವಾಗುವುದಿಲ್ಲ, ಒಳಗೊಂದು ಚೀಲದಲ್ಲಿ ಕೂತಿರುತ್ತದೆ, ಅದು ಇರುವಷ್ಟು ಹೊತ್ತು ಕೈ ಬಿಡಬಹುದು ಎಂಬುದನ್ನು ನಂಬಲು ನನಗೆ ಇಡೀ ಆಟಿ ಬೇಕಾಯಿತು. ಕಾಲೇಜಿನಿಂದ ಬಂದು, ಕಾಲಿನ ಕೆಸರು ತೊಳೆದು, ಕೂರುವುದು. ಮಳೆಯ ಥಂಡಿಗೆ ಹಾರ್ಮೋನಿಯಮ್ಮಿನ ಮರ ಉಬ್ಬಿ ಒತ್ತಿದ ಮನೆ ಮೇಲೆ ಬರುತ್ತಿರಲಿಲ್ಲ, ತಿದಿಯ ಚರ್ಮಕ್ಕೆ ಬೂಸ್ಟು ಬರುತ್ತಿತ್ತು. ಅದನ್ನು ಬಚ್ಚಲಿನ ಹಂಡೆಯ ಒಲೆಯ ಹತ್ತಿರ ಇಟ್ಟು ಕಾಯಿಸಬೇಕು. “ನನ್ನ ಬಟ್ಟೆ ಒಣಗಿಸ್ಲಿಕ್ಕೆ ಜಾಗ ಇಲ್ಲ, ಇದಕ್ಕೆ ದಿನಾ ಬಾಣಂತಿ ಆರೈಕೆ,” ಎಂದು ಅಮ್ಮ ಗೊಣಗುತ್ತಿದ್ದಳು. ಆದರೆ ಅದನ್ನು ಎತ್ತಿ ಒಲೆಯ ಬಳಿ ಇಡುತ್ತಿದ್ದವಳು ಅವಳೇ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆಮರದ ತೊಗಟೆಯ ಕಹಿ ಕಷಾಯವನ್ನು ನಾವು ಮೂಗು ಮುಚ್ಚಿ ಕುಡಿದರೆ, ಅಜ್ಜ ಕುಡಿದು ಇನ್ನೊಮ್ಮೆ ಲೋಟ ಚಾಚಿದರು. ಆ ಕಹಿಯಿಂದ ಕೈಗೆ ಬಲ ಬರುತ್ತದೆಂದು ಯಾರು ಹೇಳಿದ್ದರೋ, ಅಥವಾ ಇವರೇ ತೀರ್ಮಾನಿಸಿದ್ದರೋ.

ಎಡಗೈಗೆ ಬಲ ಬರಲಿಲ್ಲ. ಆದರೆ ಬಲಗೈಗೆ ಹಟ ಬಂತು. ಮೊದಲು ಒಂದು ಭಜನೆ ಮುಗಿಯುವುದರೊಳಗೆ ಎಡಕ್ಕೆ ವಾಲುತ್ತಿದ್ದವರು, ಕಂಬಕ್ಕೆ ಒರಗಿ ಕೂತು, ಸಂದಿಗೆ ತಲೆದಿಂಬು ಸಿಕ್ಕಿಸಿ, ಒಂದಾದ ಮೇಲೆ ಒಂದರಂತೆ ನುಡಿಸತೊಡಗಿದರು. ಒಂದು ಸಂಜೆ ನಾವು ತಲೆ ಎತ್ತಿದಾಗ ಅಂಗಳದ ಮಳೆಯಲ್ಲಿ ಸಂಜೀವಣ್ಣ ಕೊಡೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

“ಆಯ್ತು,” ಎಂದರು. “ಆದ್ರೆ ಕೊಟ್ಟಾರದ ಮಾಸ್ಟ್ರು ನಿಮ್ಮ ಪಕ್ಕದಲ್ಲೇ ಕೂತಿರ್ತಾರೆ. ಮತ್ತೆ ಆ ಆಫ್ರಿಕಾದ್ದು ಬೇಡ. ನಮ್ಮದು ಸಾಕು.”

“ಕೂತ್ಕೊಳ್ಲಿ. ಕಲೀಲಿ,” ಎಂದರು ಅಜ್ಜ. ಎರಡನೆಯ ಮಾತು ಕೇಳಿಸದವರ ಹಾಗೆ ನನಗೆ ತಿದಿ ಒತ್ತಲು ಸನ್ನೆ ಮಾಡಿದರು.

ಆಟಿ ಕಳೆದು ಬರುವ ಸೋಣ ತಿಂಗಳಲ್ಲಿ ಏಕಾಹ. ಆ ದಿನ ಮಳೆ ಬಿಡಬಹುದೆಂದು ಎಲ್ಲರೂ ಹೇಳಿದ್ದರು, ಮಳೆಯೊಂದನ್ನು ಬಿಟ್ಟು. ಅಮ್ಮ ಅಜ್ಜನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಗುಂಡಿ ಹಾಕಿದಳು. ತಿದಿಯ ಚರ್ಮ ಎಲ್ಲಾದರೂ ಹರಿದಿದೆಯೋ ಎಂದು ನಾನು ಮೂರು ಸಲ ಮುಟ್ಟಿ ನೋಡಿದೆ. ಮಂದಿರದ ಮೆಟ್ಟಿಲಲ್ಲಿ ಇಬ್ಬರು ಅವರನ್ನು ಎತ್ತಿಕೊಳ್ಳಲು ಬಂದರೆ ಕೋಲು ಬೀಸಿ ಓಡಿಸಿದರು. ಒಳಗೆ ಕಂಬದ ಹತ್ತಿರ ನಮ್ಮ ಜಾಗ. ತಬಲಾಕ್ಕೆ ದೇಜಪ್ಪಣ್ಣ, ಅಜ್ಜನ ಹಳೆಯ ಜೊತೆಗಾರ. ಆ ಗಂಟೆಯಲ್ಲಿ ಹಾಡುವವರು ಅವರು ಮತ್ತು ಅವರ ತಮ್ಮ, ಇಬ್ಬರೇ. ಕೊಟ್ಟಾರದ ಮಾಸ್ಟ್ರು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು.

ಸುರುವಾಯಿತು. ನಾನು ಅಜ್ಜನ ಮುಖವನ್ನೇ ನೋಡುತ್ತ, ಪೋಲೆ ಪೋಲೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಒತ್ತಿದೆ. ಬೆರಳುಗಳು ಹದವಾಗಿ, ಸಂಜೀವಣ್ಣನಿಗೆ ಬೇಕಾದ ಹಾಗೆ ನೆಟ್ಟಗೆ ನಡೆದವು. ಅರ್ಧ ಗಂಟೆ ಕಳೆಯುವಾಗ ಮಾಸ್ಟ್ರಿಗೆ ಧೈರ್ಯ ಬಂತು. ಧೈರ್ಯದ ಜೊತೆ ಹಸಿವೂ ಬಂದಿರಬೇಕು. ನನ್ನ ಕಿವಿಯಲ್ಲಿ “ಏನೂ ತೊಂದ್ರೆ ಇಲ್ಲ, ಊಟ ಮಾಡಿ ಬರ್ತೇನೆ,” ಎಂದು ಹೇಳಿ ಚಪ್ಪರಕ್ಕೆ ಹೋದರು.

ನಮ್ಮ ಗಂಟೆ ಮುಗಿಯಿತು. ಬರಬೇಕಾದ ಪಂಪ್‌ವೆಲ್ ಕಡೆಯ ತಂಡ ಬಾಗಿಲಲ್ಲಿ ಕಾಣಲಿಲ್ಲ. ಇನ್ನೊಂದು ಭಜನೆ. ಇನ್ನೂ ಒಂದು. ನೆನೆದು ಮುದ್ದೆಯಾದ ಒಬ್ಬ ಸೈಕಲ್ಲಿನವ ಬಂದು ಕೂಗಿ ಹೇಳಿದ: ನಂತೂರಿನಲ್ಲಿ ಲಾರಿಯೊಂದು ಕೆಸರಿನಲ್ಲಿ ರಸ್ತೆಗೆ ಅಡ್ಡ ಸಿಕ್ಕಿಹಾಕಿಕೊಂಡಿದೆ, ಎಲ್ಲ ಬಸ್ಸುಗಳೂ ಆಚೆ ಬದಿ ನಿಂತಿವೆ, ತಂಡದವರು ನಡೆದುಕೊಂಡು ಬರುತ್ತಿದ್ದಾರೆ. ದೇಜಪ್ಪಣ್ಣನ ತಮ್ಮ ಅವರನ್ನು ಕರೆತರಲು ಕೊಡೆ ಹಿಡಿದು ಓಡಿದ. ಆಗ ಉಳಿದದ್ದು ದೇಜಪ್ಪಣ್ಣನ ಒಂದೇ ಕಂಠ, ಅದೂ ಮಳೆಗಾಲದ ಕೆಮ್ಮು ಹಿಡಿದದ್ದು.

ನನ್ನ ತೋಳು ಉರಿಯುತ್ತಿತ್ತು. ಹೆದರಿಕೆ ಕೈಗೆ ಇಳಿದು ಮತ್ತೆ ಸೈಕಲ್ ಪಂಪಿನಂತೆ ಒತ್ತತೊಡಗಿದ್ದೆ. ಅಜ್ಜ ಕಂಬದಿಂದ ಜಾರಿ ಎಡಕ್ಕೆ ವಾಲಿದ್ದರು, ತಲೆದಿಂಬು ಹೊರಗೆ ಬಂದಿತ್ತು, ಅಂಗಿ ಬೆವರಿನಲ್ಲಿ ತೊಯ್ದಿತ್ತು. ಬಲಗೈ ಮಾತ್ರ ನಿಲ್ಲಲಿಲ್ಲ. ಸಾಕು ಮಾಡೋಣ ಅಜ್ಜ ಎಂದು ಹೇಳಲು ನಾನು ಬಾಯಿ ತೆರೆದೆ. ಅವರು ನನ್ನನ್ನು ಒಂದು ನೋಟ ನೋಡಿದರು. ಬಾಯಿ ಮುಚ್ಚಿದೆ.

ದೇಜಪ್ಪಣ್ಣ ಮೇಲಿನ ಸ್ವರಕ್ಕೆ ಹೋದರು, ಅಲ್ಲಿ ಕೆಮ್ಮು ಬಂತು. ಇನ್ನೊಂದು ಕೆಮ್ಮು. ಕಣ್ಣಲ್ಲಿ ನೀರು, ಕೈಗಳು ತಬಲಾದ ಮೇಲೆ, ಬಾಯಲ್ಲಿ ಸ್ವರ ಇಲ್ಲ. ಹಾರ್ಮೋನಿಯಂ ಒಂದೇ ಹಾಡಿದರೆ ಭಜನೆಯಲ್ಲ, ಹೆಸರು ಬೇಕು, ಮನುಷ್ಯನ ಗಂಟಲು ಬೇಕು. ಒಂದು ಉಸಿರಿನಷ್ಟು ತೆರಪು ಬೀಳುವ ಮೊದಲೇ ನಾನು ಕೇಳಿದ್ದು ಅಜ್ಜನ ಸ್ವರ.

“ಇಠಲಾ...”

ಮಳೆ ಹಿಡಿದಂದಿನಿಂದ ಕಟ್ಟಿಟ್ಟಿದ್ದ ನಾಲಗೆ. ವಕಾರ ಹೊರಡಲಿಲ್ಲ, ಬಾಯಿಯ ಒಂದು ಬದಿಯಿಂದ ಗಾಳಿ ಸೋರುತ್ತಿತ್ತು. ಅವರು ಲೆಕ್ಕಿಸಲಿಲ್ಲ. ಮತ್ತು ಬೆರಳುಗಳು ನೆಟ್ಟಗಿನ ದಾರಿ ಬಿಟ್ಟವು. ಏಳುವುದು, ಇಳಿಯುವ ಮೊದಲು ಒಂಚೂರು ತಡೆಯುವುದು. ಆ ತಡೆಯುವ ಜಾಗದಲ್ಲಿ ಅವರಿಗೆ ಉಸಿರು ತೆಗೆದುಕೊಳ್ಳಲು ಸಮಯ ಸಿಗುತ್ತಿತ್ತು. ದೋಣಿಯವರ ಹಾಡು ಹಾಗೆ ಏಕೆ ಇದೆಯೆಂದು ನನಗೆ ಆಗ ಹೊಳೆಯಿತು. ಹುಟ್ಟು ಹಾಕುವವನು ಉಸಿರು ತೆಗೆಯಬೇಕಲ್ಲ. ನಾನು ಅದೇ ಜಾಗದಲ್ಲಿ ತಿದಿ ಒತ್ತಿದೆ. ಅಲ್ಲಿ ಒತ್ತಿ, ಉಳಿದ ಕಡೆ ಬಿಟ್ಟೆ. ಗಾಳಿ ಇತ್ತು. ತೋಳಿನ ಉರಿ ಇಳಿಯಿತು. ಶಾಲೆಯ ಪ್ರಾರ್ಥನೆಯಲ್ಲೂ ತುಟಿ ಮಾತ್ರ ಅಲ್ಲಾಡಿಸುತ್ತಿದ್ದ ನಾನು ಅಜ್ಜನ ಹಿಂದೆ ಹಾಡಿದೆ. ಹೇಗೆ ಹಾಡಿದೆನೆಂದು ಹೇಳುವುದು ಬೇಡ, ಪಕ್ಕದ ಮನೆಯ ನಾಯಿ ಹತ್ತಿರ ಇರಲಿಲ್ಲ.

ಆಗ ಹೊರಗಿನ ಜಗಲಿಯಿಂದ ಇನ್ನೊಂದು ಸ್ವರ ಕೂಡಿತು. ತಿರುಗಿ ನೋಡಿದರೆ ಸಂಜೀವಣ್ಣ. ಪಂಕ್ತಿಯ ನಡುವೆ ಏಳಬಾರದು ಎಂದು ಮಕ್ಕಳಿಗೆ ಬೈಯುವ ಮನುಷ್ಯ ಎಲೆ ಬಿಟ್ಟು ಎದ್ದು ಬಂದಿದ್ದರು. ಬಲಗೈಯಲ್ಲಿ ಅನ್ನ ಸಾರು ಮೆತ್ತಿತ್ತು. ಎಂಜಲು ಕೈಯಲ್ಲಿ ಒಳಗೆ ಬರುವ ಹಾಗಿಲ್ಲ, ಕೈ ತೊಳೆಯಲು ಹೋಗುವಷ್ಟು ಹೊತ್ತಿಲ್ಲ. ಮಾಡಿನಿಂದ ಸುರಿಯುವ ನೀರಿಗೆ ಕೈ ಚಾಚಿಕೊಂಡು, ಕಣ್ಣು ಮುಚ್ಚಿ, ದೊಡ್ಡ ಸ್ವರದಲ್ಲಿ ವಿಠಲ ಎನ್ನುತ್ತಿದ್ದರು. ಅವರ ಹಿಂದೆ ಕೊಟ್ಟಾರದ ಮಾಸ್ಟ್ರು, ಅವರೂ ಕೈ ಚಾಚಿ. ಅವರ ಹಿಂದೆ ಒಬ್ಬೊಬ್ಬರಾಗಿ ಇಡೀ ಪಂಕ್ತಿ. ಜಗಲಿಯ ಉದ್ದಕ್ಕೂ ಜನ ಮಾಡಿನ ನೀರಿಗೆ ಎಂಜಲು ಕೈ ಹಿಡಿದು ನಿಂತು ಹಾಡುತ್ತಿದ್ದರು. ಎಲ್ಲರೂ ಆ ಅಲೆಯ ಧಾಟಿಯಲ್ಲೇ, ಇಳಿಯುವ ಮೊದಲು ತಡೆದು. ಬಡಿಸುತ್ತಿದ್ದ ಅಮ್ಮ ಪಲ್ಯದ ಪಾತ್ರೆ ಸೊಂಟಕ್ಕಿಟ್ಟುಕೊಂಡು ಕಂಬದ ಬಳಿ ನಿಂತಿದ್ದಳು.

ಪಂಪ್‌ವೆಲ್ ತಂಡ ಕೆಸರು ಕಾಲಿನಲ್ಲಿ ಬಂದು ಸ್ವರ ಸೇರಿಸಿದ ಮೇಲೆಯೇ ಅಜ್ಜ ಬೆರಳು ಎತ್ತಿದ್ದು. ಅವರನ್ನು ಗೋಡೆಗೆ ಒರಗಿಸಿ ನೀರು ಕೊಟ್ಟೆವು. ಸಂಜೀವಣ್ಣ ಒದ್ದೆ ಕೈಯನ್ನು ಪಂಚೆಗೆ ಒರೆಸುತ್ತ ಬಂದು ಎದುರು ಕೂತರು. ಅಪ್ಪಟ ವ್ಯಾಪಾರಿ, ಅವರಿಗೆ ಹೊಗಳಲು ಬರುವುದಿಲ್ಲ.

“ಆಫ್ರಿಕಾದ್ದು ಬೇಡ ಹೇಳಿದ್ದೆ ನಾನು,” ಎಂದರು.

“ನೀನೂ... ಹಾಡಿದೆಯಲ್ಲ.”

“ಅದು ಹಾಗೆ ಬಾಯಿಗೆ ಬಂತು. ಇರ್ಲಿ. ಬರುವ ವರ್ಷವೂ ಈ ಗಂಟೆ ನಿಮ್ಮದೇ ಅಜ್ಜೇರೇ.”

ಅಜ್ಜ ತಲೆ ಅಲ್ಲಾಡಿಸಿದರು. ಬೇಡ ಎನ್ನುತ್ತಾರೆಂದು ನನಗೆ ಒಂದು ಕ್ಷಣ ನೆಮ್ಮದಿಯಾಯಿತು. ಅವರು ಬಲಗೈಯ ಎರಡು ಬೆರಳು ಎತ್ತಿ ಸಂಜೀವಣ್ಣನ ಮೂಗಿನ ಹತ್ತಿರ ಹಿಡಿದರು.

“ಎರಡು... ಗಂಟೆ ಕೊಡು.”

ಕೊಟ್ಟರು. ಮುಂದಿನ ವರ್ಷ ಎರಡು ಗಂಟೆ ನುಡಿಸಿದರು, ಅದರ ಮುಂದಿನ ವರ್ಷವೂ. ತಿದಿಗೆ ನಾನೇ. ಮಾತು ಪೂರ್ತಿ ಮರಳಲಿಲ್ಲ, ಆದರೆ ತೊದಲಿಕೊಂಡೇ ಗಂಜಿಯ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು. ಅದು ಮೊದಲಿಗಿಂತ ಉದ್ದವಾಗಿತ್ತು, ಕೇಳುವವರು ಏಳುವ ಹಾಗಿರಲಿಲ್ಲ. ಅವರು ಹೋದ ಮೇಲೆ ಹಾರ್ಮೋನಿಯಂ ಮಂದಿರಕ್ಕೆ ಸೇರಿತು. ಆ ಧಾಟಿಯಲ್ಲಿ ಅಲ್ಲಿ ಈಗಲೂ ಹಾಡುತ್ತಾರೆ. ಅದು ದೇರೆಬೈಲಿನದೇ ಎಂದು ಹೊಸಬರು ತಿಳಿದಿದ್ದಾರೆ. ನಾನು ತಿದ್ದಲು ಹೋಗುವುದಿಲ್ಲ. ಅಜ್ಜನಿಗೆ ಅಂತೂ ಒಂದು ಊರು ಸಿಕ್ಕಿತು.

“ಮೇಡಂ, ಎಂತ ಆಯ್ತು? ನೋವುಂಟಾ?” ಡಾಕ್ಟರಮ್ಮ ಯಂತ್ರ ನಿಲ್ಲಿಸಿ ಕೇಳಿದರು. ನನ್ನ ಕೈ ಕುರ್ಚಿಯ ತೋಳನ್ನು ಮೆಲ್ಲಗೆ ಒತ್ತುತ್ತಿತ್ತು, ಬಿಡುತ್ತಿತ್ತು. ಇಲ್ಲ ಎಂದು ತಲೆ ಅಲ್ಲಾಡಿಸಿದೆ.

“ಹಾಗಾದ್ರೆ ಇವತ್ತಿಗೆ ಈ ಒಂದು ಹಲ್ಲು ಸಾಕು. ಇನ್ನೊಂದಕ್ಕೆ ಬರುವ ವಾರ ಬನ್ನಿ.”

ಬರುವ ವಾರ ನಾನು ಎಲ್ಲಿಯವರೆಗೆ ಬರುತ್ತೇನೆಂದು ನನಗೆ ಗೊತ್ತು. ಹೊರಗಿನ ಕುರ್ಚಿಯವರೆಗೆ. ಬಾಯಲ್ಲಿ ಹತ್ತಿ ತುಂಬಿಕೊಂಡಿದ್ದರಿಂದ ಮಾತು ಹೊರಡಲಿಲ್ಲ. ಎರಡು ಬೆರಳು ಎತ್ತಿ ಡಾಕ್ಟರಮ್ಮನ ಮೂಗಿನ ಹತ್ತಿರ ಹಿಡಿದೆ.